ತೆಕ್ಕೆಗೆ ಬಿದ್ದವರು

ಪಕ್ಷ ಪಕ್ಷವನ್ನು ಅಪ್ಪಿಕೊಳ್ಳುತ್ತದೆ, ದೇಶ ಮಾರುಕಟ್ಟೆಯನ್ನು ಅಪ್ಪಿಕೊಳ್ಳುತ್ತದೆ, ಜನ ಮೊಬೈಲ್ ಪಾವತಿಯನ್ನು ಅಪ್ಪಿಕೊಳ್ಳುತ್ತಾರೆ. ಪತ್ರಿಕೆ ಬಿಡಿಸಿದರೆ ಪುಟಪುಟಕ್ಕೂ ಅಪ್ಪುಗೆ. ತೋಳು ಯಾರದು, ಪಕ್ಕೆಲುಬು ಯಾರದು ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ!

ಆ ಫೋಟೊ ಬಹಳ ಜನರಿಗೆ ನೆನಪಿರುತ್ತದೆ. 2018ರ ಮೇ 23ರ ಸಂಜೆ, ವಿಧಾನಸೌಧದ ಎದುರಿನ ವೇದಿಕೆ. ಎಚ್‌.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡಿದ್ದರು. ಮಮತಾ ಬ್ಯಾನರ್ಜಿ, ಚಂದ್ರಬಾಬು ನಾಯ್ಡು, ಅಖಿಲೇಶ್ ಯಾದವ್, ಶರದ್ ಪವಾರ್, ಸೀತಾರಾಂ ಯೆಚೂರಿ ಎಲ್ಲರೂ ಅಲ್ಲಿದ್ದರು. ಅವರ ನಡುವೆ ಸೋನಿಯಾ ಗಾಂಧಿ ಮತ್ತು ಮಾಯಾವತಿ ಒಬ್ಬರನ್ನೊಬ್ಬರು ಬಳಸಿ, ತಲೆಗೆ ತಲೆ ತಾಗುವಷ್ಟು ಹತ್ತಿರವಾಗಿ ನಕ್ಕರು. ಕ್ಯಾಮೆರಾಗಳು ಮಿಕ್ಕವರನ್ನೆಲ್ಲ ಮರೆತುಬಿಟ್ಟವು.

ಅದು ಅಂಕಗಣಿತದ ಅಪ್ಪುಗೆ. ಬಿಜೆಪಿ 104ರಲ್ಲಿ ನಿಂತಿತ್ತು. 78 ಸ್ಥಾನ ಗೆದ್ದ ಕಾಂಗ್ರೆಸ್ಸು 37 ಗೆದ್ದ ಜೆಡಿಎಸ್‌ಗೆ ಕುರ್ಚಿ ಬಿಟ್ಟುಕೊಟ್ಟಿತ್ತು. ಮಾಯಾವತಿಯವರ ಬಿಎಸ್‌ಪಿಗೆ ಇಡೀ ರಾಜ್ಯದಲ್ಲಿ ಸಿಕ್ಕಿದ್ದು ಒಂದೇ ಸೀಟು, ಕೊಳ್ಳೇಗಾಲ.

ಮುಂದಿನದನ್ನು ಬೇಗ ಹೇಳಿಬಿಡಬಹುದು. ಅದೇ ವರ್ಷದ ಅಕ್ಟೋಬರ್ ಹೊತ್ತಿಗೆ ಮಾಯಾವತಿ, ಮಧ್ಯಪ್ರದೇಶ ಮತ್ತು ರಾಜಸ್ಥಾನದಲ್ಲಿ ಕಾಂಗ್ರೆಸ್ ಸಹವಾಸ ಬೇಡ ಎಂದರು. ಹದಿನಾಲ್ಕು ತಿಂಗಳಲ್ಲಿ, 2019ರ ಜುಲೈ 23ರಂದು, ಸರ್ಕಾರ 99–105ರಲ್ಲಿ ಬಿತ್ತು. ಕೊಳ್ಳೇಗಾಲದ ಶಾಸಕರು ಅಂದು ಮತ ಹಾಕಲು ಬರಲಿಲ್ಲ. ಪಕ್ಷದಿಂದ ಉಚ್ಚಾಟನೆಗೊಂಡು, 2021ರಲ್ಲಿ ಬಿಜೆಪಿ ಸೇರಿದರು. ಚಂದ್ರಬಾಬು 2024ರಲ್ಲಿ ಮರಳಿ ಎನ್‌ಡಿಎ ಮನೆ ಹೊಕ್ಕರು. ಕುಮಾರಸ್ವಾಮಿಯವರೇ ಈಗ ದೆಹಲಿಯಲ್ಲಿ ಮೋದಿ ಸಂಪುಟದ ಸಚಿವರು.

ಫೋಟೊ ಮಾತ್ರ ಅಂದಿನಂತೆಯೇ ನಗುತ್ತಿದೆ.

ಒಪ್ಪಿದ್ದೋ, ಅಪ್ಪಿದ್ದೋ

ಸುದ್ದಿಮನೆಯ ರಾತ್ರಿ ಪಾಳಿಯಲ್ಲಿ ನನಗೆ ಕಾಪಿ ತಿದ್ದಲು ಕಲಿಸಿದ ಹಿರಿಯರೊಬ್ಬರಿದ್ದರು. ಇಂಗ್ಲಿಷ್ ಏಜೆನ್ಸಿ ಸುದ್ದಿಯಲ್ಲಿ ‘ಎಂಬ್ರೇಸ್’ ಎಂದು ಕಂಡ ಕೂಡಲೇ ನಾವು ಹುಡುಗರು ‘ಅಪ್ಪಿಕೊಂಡಿದೆ’ ಎಂದು ಗೀಚಿ ಮುಂದೆ ಹೋಗುತ್ತಿದ್ದೆವು. ಅವರು ಕನ್ನಡಕ ಹಣೆಗೇರಿಸಿ ಕೇಳುತ್ತಿದ್ದರು: ‘ಏನಪ್ಪಾ, ಒಪ್ಪಿದ್ದೋ, ಅಪ್ಪಿದ್ದೋ? ನೋಡಿ ಬರಿ.’

ಒಂದಕ್ಷರದ ವ್ಯತ್ಯಾಸ. ಒಪ್ಪುವುದಕ್ಕೆ ತಲೆಯಾಡಿಸಿದರೆ ಸಾಕು, ಅಪ್ಪುವುದಕ್ಕೆ ಮೈ ಬೇಕು. ಆಗದವನ ಮಾತನ್ನೂ ಒಪ್ಪಬಹುದು. ಆಗದವನನ್ನು ಅಪ್ಪಿದರೆ ನೋಡಿದವರು ಏನೋ ಇದೆ ಎನ್ನುತ್ತಾರೆ.

ಇನ್ನೊಂದು ತೊಡಕು ವ್ಯಾಕರಣದ್ದು. ಅಪ್ಪುಗೆಗೆ ಇಬ್ಬರು ಬೇಕು, ಆದರೆ ವಾಕ್ಯದಲ್ಲಿ ಕರ್ತೃ ಒಬ್ಬನೇ. ‘ಭಾರತ ಜಾಗತೀಕರಣವನ್ನು ಅಪ್ಪಿಕೊಂಡಿತು’ ಎಂದಾಗ ಭಾರತ ಕರ್ತೃವಾಯಿತು, ಜಾಗತೀಕರಣ ಪಾಪ ‘ಅನ್ನು’ ಹಚ್ಚಿಕೊಂಡು ಸುಮ್ಮನೆ ನಿಂತಿತು. ಅದೇ ಮುಂದೆ ಬಂದು ಹಿಡಿಯಿತೇ, ಇದೇ ಓಡಿಹೋಗಿ ಬಿತ್ತೇ? ವಾಕ್ಯ ಬಾಯಿ ಬಿಡುವುದಿಲ್ಲ.

ಹಾಗೆ ನೋಡಿದರೆ ಕನ್ನಡದ ತಲೆಬರಹಗಾರ ರಾಜಕೀಯದಲ್ಲಿ ಅಪ್ಪುವುದು ಕಮ್ಮಿ, ಹಿಡಿಯುವುದು ಜಾಸ್ತಿ. ಚಿಹ್ನೆಗಳೇ ಅವನಿಗೆ ಕ್ರಿಯಾಪದ ಒದಗಿಸುತ್ತವೆ. ಕಾಂಗ್ರೆಸ್ ಸೇರಿದವರು ‘ಕೈ ಹಿಡಿಯುತ್ತಾರೆ’, ಬಿಜೆಪಿ ಸೇರಿದವರು ‘ಕಮಲ ಮುಡಿಯುತ್ತಾರೆ’, ಜೆಡಿಎಸ್ ಬಿಟ್ಟವರು ‘ತೆನೆ ಇಳಿಸುತ್ತಾರೆ’. ಮೂರರಲ್ಲೂ ವಸ್ತು ಹಗುರ, ಯಾವಾಗ ಬೇಕಾದರೂ ಕೆಳಗಿಡಬಹುದು. ಪಕ್ಷಾಂತರಕ್ಕೆ ಇದಕ್ಕಿಂತ ಪ್ರಾಮಾಣಿಕ ಭಾಷೆ ಸಿಗಲಿಕ್ಕಿಲ್ಲ.

ಆದರೆ ಇದೇ ತಲೆಬರಹಗಾರನ ಬಳಿ ಅಪ್ಪುಗೆಗೆ ಇನ್ನೊಂದು ಪದವಿದೆ, ಅದನ್ನು ಅವನು ದಿನಾ ಬಳಸುತ್ತಾನೆ: ತೆಕ್ಕೆ. ಪ್ರೇಮಿಗಳ ತೋಳ ತೆಕ್ಕೆಯೂ ಹೌದು, ಹೆಬ್ಬಾವಿನ ತೆಕ್ಕೆಯೂ ಹೌದು. ಪಾಲಿಕೆ ಬಿಜೆಪಿ ತೆಕ್ಕೆಗೆ, ಜಿಲ್ಲಾ ಪಂಚಾಯಿತಿ ಕಾಂಗ್ರೆಸ್ ತೆಕ್ಕೆಗೆ. 2022ರ ಜನವರಿಯಲ್ಲಿ ಏರ್ ಇಂಡಿಯಾ ಕೂಡ ಟಾಟಾ ತೆಕ್ಕೆಗೆ. ಇಲ್ಲಿ ಪ್ರೀತಿಯ ಸೋಗಿಲ್ಲ, ಯಾರ ಕೈ ಮೇಲೆಂದು ಎಳೆ ಮಗುವಿಗೂ ತಿಳಿಯುತ್ತದೆ. ನನಗೆ ಈ ಪದದ ಮೇಲೆ ಗೌರವ.

ಬಾಕ್ಸ್ | ಕಬ್ಬಿಣದ ಭೀಮ

*ರಾಜಕೀಯದ ಅಪ್ಪುಗೆಯನ್ನು ನಂಬಬಾರದೆಂದು ನಮಗೆ ಕಲಿಸಿದ್ದು ಮಹಾಭಾರತ. ಯುದ್ಧ ಮುಗಿದಿದೆ, ನೂರು ಮಕ್ಕಳೂ ಸತ್ತಿದ್ದಾರೆ. ಕುರುಡ ದೊರೆ ಭೀಮನನ್ನು ಅಪ್ಪಿಕೊಳ್ಳಲು ತೋಳು ಚಾಚುತ್ತಾನೆ. ಕೃಷ್ಣ ಭೀಮನನ್ನು ಹಿಂದಕ್ಕೆಳೆದು ಕಬ್ಬಿಣದ ಪ್ರತಿಮೆಯನ್ನು ಮುಂದೆ ತಳ್ಳುತ್ತಾನೆ. ಪ್ರತಿಮೆ ಪುಡಿಯಾಗುತ್ತದೆ, ಧೃತರಾಷ್ಟ್ರನ ಬಾಯಲ್ಲಿ ರಕ್ತ. ಅಪ್ಪಿದವನೂ ಗಾಯಗೊಂಡ ಎಂಬ ವಿವರವನ್ನು ನಮ್ಮ ರಾಜಕೀಯ ಅಂಕಣಕಾರರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ‘ಧೃತರಾಷ್ಟ್ರಾಲಿಂಗನ’ ಎಂಬ ಒಂದೇ ಮಾತಿನಲ್ಲಿ ಸಮ್ಮಿಶ್ರ ಸರ್ಕಾರಗಳ ಚರಿತ್ರೆಯನ್ನು ಮುಗಿಸಬಹುದಲ್ಲ!*

ಕೊರಳಿಗೆ ಬೀಳುವುದು

ಸೋನಿಯಾ–ಮಾಯಾವತಿ ಫೋಟೊ ಬಂದು ಎರಡು ತಿಂಗಳಾಗಿರಲಿಲ್ಲ. ಜುಲೈ 20ರಂದು ಲೋಕಸಭೆಯಲ್ಲಿ ಅವಿಶ್ವಾಸ ನಿರ್ಣಯದ ಚರ್ಚೆ. ರಾಹುಲ್ ಗಾಂಧಿ ಮಾತು ಮುಗಿಸಿ, ನೇರ ಪ್ರಧಾನಿಯ ಆಸನದ ಬಳಿ ನಡೆದು, ಕೂತಿದ್ದ ಮೋದಿಯವರನ್ನು ಬಗ್ಗಿ ತಬ್ಬಿಕೊಂಡರು. ಮೋದಿ ಮೊದಲು ಕಕ್ಕಾಬಿಕ್ಕಿಯಾದರು, ಆಮೇಲೆ ವಾಪಸು ಕರೆದು ಬೆನ್ನು ತಟ್ಟಿದರು. ರಾಹುಲ್ ತಮ್ಮ ಜಾಗಕ್ಕೆ ಮರಳಿ ಕಣ್ಣು ಹೊಡೆದರು. ಸಭಾಧ್ಯಕ್ಷೆ ಸುಮಿತ್ರಾ ಮಹಾಜನ್ ಸದನದ ಘನತೆಯ ಪಾಠ ಹೇಳಿದರು. ನಿರ್ಣಯಕ್ಕೆ 126–325ರಲ್ಲಿ ಸೋಲಾಯಿತು, ಆದರೆ ಮರುದಿನ ಆ ಅಂಕಿ ಯಾರಿಗೂ ಬೇಕಿರಲಿಲ್ಲ.

ನನಗೆ ಕುತೂಹಲ ಹುಟ್ಟಿಸಿದ್ದು ಅದಕ್ಕೆ ಬಂದ ಉತ್ತರ. 2019ರ ಫೆಬ್ರುವರಿ 13ರಂದು, ಆ ಲೋಕಸಭೆಯ ಕೊನೆಯ ಭಾಷಣದಲ್ಲಿ ಮೋದಿ, ಗಲೇ ಮಿಲ್‌ನಾ ಮತ್ತು ಗಲೇ ಪಡ್‌ನಾ ಇವೆರಡರ ನಡುವಿನ ವ್ಯತ್ಯಾಸ ತಮಗೆ ಈ ಸದನದಲ್ಲಿ ಗೊತ್ತಾಯಿತು ಎಂಬರ್ಥದ ಮಾತಾಡಿದರು. ಮೊದಲನೆಯದು ಅಪ್ಪುಗೆ, ಎರಡನೆಯದು ಅಕ್ಷರಶಃ ಕೊರಳಿಗೆ ಬೀಳುವುದು. ನಮ್ಮಲ್ಲಿ ಅದಕ್ಕೆ ‘ಗಂಟುಬೀಳುವುದು’ ಎನ್ನುತ್ತೇವೆ. ಕ್ರಿಯೆ ಒಂದೇ, ತೋಳುಗಳೂ ಅವೇ. ಕೊರಳಿನ ಯಜಮಾನನ ಅಭಿಪ್ರಾಯದ ಮೇಲೆ ಪದ ಬದಲಾಗುತ್ತದೆ. ರಾಜಕೀಯ ಏನೇ ಇರಲಿ, ಭಾಷೆಯ ದೃಷ್ಟಿಯಿಂದ ಇದು ಪಳಗಿದ ಕೈಯ ಏಟು.

ಮೋದಿಯವರೂ ಅಪ್ಪುಗೆಯ ವಿಷಯದಲ್ಲಿ ಹಿಂದೆ ಬಿದ್ದವರಲ್ಲ. 2024ರ ಜುಲೈ 8ರಂದು ಮಾಸ್ಕೊ ಬಳಿ ಪುಟಿನ್ ಅವರನ್ನು ಅಪ್ಪಿದ ದಿನವೇ ಕೀವ್‌ನ ಮಕ್ಕಳ ಆಸ್ಪತ್ರೆಗೆ ಕ್ಷಿಪಣಿ ಬಡಿದಿತ್ತು. ಝೆಲೆನ್‌ಸ್ಕಿ ಸಿಟ್ಟಾದರು. ಆರು ವಾರ ಕಳೆದು, ಆಗಸ್ಟ್ 23ರಂದು ಕೀವ್‌ನಲ್ಲಿ ಅದೇ ತೋಳು ಝೆಲೆನ್‌ಸ್ಕಿಯವರನ್ನೂ ಬಳಸಿತು. ಪಾಶ್ಚಾತ್ಯ ಪತ್ರಕರ್ತರು ಕೇಳಿದಾಗ ಜೈಶಂಕರ್ ಕೊಟ್ಟ ಉತ್ತರದ ಸಾರ: ನಮ್ಮ ಕಡೆ ಜನ ಭೇಟಿಯಾದರೆ ತಬ್ಬಿಕೊಳ್ಳುತ್ತಾರೆ, ನಿಮ್ಮಲ್ಲಿ ಆ ರೂಢಿ ಇಲ್ಲದಿರಬಹುದು.

ನಮ್ಮ ಕಡೆ, ಅಂದರೆ ಎಲ್ಲಿ? ನಮ್ಮ ಅಜ್ಜಂದಿರು ತಬ್ಬಿಕೊಂಡಿದ್ದನ್ನು ನಾನಂತೂ ಕಂಡಿಲ್ಲ. ‘ಬಂದ್ಯಾ? ಕಾಲು ತೊಳ್ಕೊ’ ಅಂದರೆ ಅದೇ ಆಲಿಂಗನ.

ಬಾಕ್ಸ್ | ವಿಜಯಪುರದಿಂದ ಹೊರಟ ಸರದಾರ

*1659ರ ನವೆಂಬರ್ 10. ಪ್ರತಾಪಗಡದ ತಪ್ಪಲಿನ ಶಾಮಿಯಾನದಲ್ಲಿ ಆದಿಲ್‌ಶಾಹಿ ಸೇನಾನಿ ಅಫ್ಜಲ್ ಖಾನ್ ಮತ್ತು ಶಿವಾಜಿ ಮುಖಾಮುಖಿಯಾದರು. ಸಂಧಾನದ ಭೇಟಿ ಅಪ್ಪುಗೆಯಿಂದ ಶುರುವಾಯಿತು, ಒಬ್ಬರ ಹೆಣದಲ್ಲಿ ಮುಗಿಯಿತು. ಮೊದಲು ಕೈ ಎತ್ತಿದ್ದು ಯಾರು ಎಂಬ ವಾದ ಇನ್ನೂ ಮುಗಿದಿಲ್ಲ. ವಿಜಯಪುರದ ಹೊರವಲಯದ ‘ಸಾಠ್ ಕಬರ್’ನಲ್ಲಿ ಸಾಲು ಸಾಲು ಗೋರಿಗಳಿವೆ. ತಾನು ಮರಳಿ ಬರುವುದಿಲ್ಲವೆಂದು ಜ್ಯೋತಿಷಿಯಿಂದ ತಿಳಿದ ಖಾನ್, ಹೊರಡುವ ಮುನ್ನ ತನ್ನ ಹೆಂಡಿರನ್ನೆಲ್ಲ ಕೊಂದ ಎಂಬುದು ಊರ ಜನ ಹೇಳುವ ಕಥೆ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂನ ‘ವಾಘ್ ನಖ್’ 2024ರ ಜುಲೈನಲ್ಲಿ ಎರವಲಾಗಿ ಸಾತಾರಾಕ್ಕೆ ಬಂತು. ಅಂದು ಬಳಸಿದ್ದು ಅದೇ ಹುಲಿಯುಗುರು ಎಂದು ಖಚಿತಪಡಿಸಲಾಗದು ಎನ್ನುತ್ತದೆ ಆ ಮ್ಯೂಸಿಯಂ.*

ಮುಳುಗುವವನು ಹಗ್ಗ ಅಪ್ಪಿದ

ರಾಜಕೀಯದಲ್ಲಿ ಈ ಪದ ಕಣ್ಣಿಗೆ ಬೀಳುತ್ತದೆ, ಆದ್ದರಿಂದ ನಗಬಹುದು. ಅರ್ಥಶಾಸ್ತ್ರದ ಬರಹದಲ್ಲಿ ಅದು ಕಾಣದಂತೆ ಕೂತಿರುತ್ತದೆ. ನನ್ನ ತಕರಾರು ಹೆಚ್ಚು ಇರುವುದು ಅಲ್ಲೇ.

‘1991ರಲ್ಲಿ ಭಾರತ ಉದಾರೀಕರಣವನ್ನು ಅಪ್ಪಿಕೊಂಡಿತು.’ ಪಠ್ಯಪುಸ್ತಕದಿಂದ ಸಂಪಾದಕೀಯದವರೆಗೆ ಈ ವಾಕ್ಯ ಓಡಾಡುತ್ತದೆ. ಆ ಬೇಸಿಗೆಯನ್ನು ಒಮ್ಮೆ ನೆನೆಯಿರಿ. ಖಜಾನೆಯಲ್ಲಿದ್ದ ವಿದೇಶಿ ವಿನಿಮಯ ಎರಡು–ಮೂರು ವಾರಗಳ ಆಮದಿಗೆ ಸಾಕಾಗುವಷ್ಟು. ಕೊಲ್ಲಿ ಯುದ್ಧದಿಂದ ತೈಲದ ಬೆಲೆ ಏರಿ, ಅನಿವಾಸಿಗಳು ಠೇವಣಿ ಹಿಂತೆಗೆದಿದ್ದರು. ಮೇ ತಿಂಗಳಲ್ಲಿ ಸ್ಟೇಟ್ ಬ್ಯಾಂಕಿನ ಮೂಲಕ 20 ಟನ್ ಚಿನ್ನ ಹೊರಹೋಯಿತು. ಜುಲೈಯಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಅಡವಿಗಾಗಿ ವಿಮಾನ ಹತ್ತಿಸಿತು. ಜುಲೈ 1 ಮತ್ತು 3ರಂದು, ಎರಡು ಕಂತಿನಲ್ಲಿ ರೂಪಾಯಿ ಅಪಮೌಲ್ಯ. ಜುಲೈ 24ಕ್ಕೆ ಮನಮೋಹನ್ ಸಿಂಗ್ ಬಜೆಟ್.

ಚಿನ್ನ ಅಡವಿಟ್ಟು ಸಾಲ ತರುವ ಮನೆಯ ಸಂಕಟ ಕನ್ನಡದ ಯಾವ ಓದುಗನಿಗೆ ಗೊತ್ತಿಲ್ಲ? ಸೊಸೆಯ ಬಳೆ ಒಯ್ದು ಸೇಠು ಅಂಗಡಿಯಲ್ಲಿಟ್ಟು ಬಂದವನನ್ನು ‘ಸಾಲವನ್ನು ಅಪ್ಪಿಕೊಂಡ’ ಎನ್ನುತ್ತೇವೆಯೇ? ಮುಳುಗುತ್ತಿದ್ದವನು ಹಗ್ಗ ಹಿಡಿದ, ಅಷ್ಟೆ. ಹಗ್ಗ ಗಟ್ಟಿಯಿತ್ತು, ದಡ ಸೇರಿದ, ಆಮೇಲೆ ಚೆನ್ನಾಗಿಯೂ ಬದುಕಿದ, ಎಲ್ಲ ನಿಜ. ಆದರೆ ಅಂದಿನ ಒತ್ತಾಯವನ್ನು ಇಂದಿನ ಪ್ರೀತಿ ಮಾಡಿ ಬರೆದರೆ, ಹಗ್ಗ ಎಸೆದವರು ಹಾಕಿದ ಷರತ್ತುಗಳು ವಾಕ್ಯದಿಂದಲೇ ಜಾರಿಹೋಗುತ್ತವೆ.

ನೋಟು ರದ್ದತಿಯ ಬಳಿಕ ಬಂದ ‘ಜನ ಡಿಜಿಟಲ್ ಪಾವತಿಯನ್ನು ಅಪ್ಪಿಕೊಂಡರು’ ಎಂಬುದೂ ಅಂಥದ್ದೇ. 2016ರ ನವೆಂಬರ್ 8ರ ರಾತ್ರಿ, ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯದಲ್ಲಿ ಶೇ 86ರಷ್ಟು ಒಂದೇ ಏಟಿಗೆ ರದ್ದಾಗಿತ್ತು. ಎಟಿಎಂ ಸಾಲಿನಲ್ಲಿ ನಿಂತ ತರಕಾರಿಯವಳಿಗೆ ಅಪ್ಪಿಕೊಳ್ಳಲು ಬೇರೆ ಯಾರಿದ್ದರು? ಕ್ಯುಆರ್ ಕೋಡ್ ನಿಜಕ್ಕೂ ಅನುಕೂಲ ಎಂದು ಗೊತ್ತಾಗಿ, ಗಾಡಿಗೆ ಕಟ್ಟಿಕೊಂಡದ್ದು ಕ್ರಮೇಣ.

ಆ ಪ್ರೀತಿ ಎಷ್ಟು ಗಟ್ಟಿ ಎಂಬುದು ತಿಳಿದದ್ದು 2025ರ ಜುಲೈನಲ್ಲಿ. ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಕಳಿಸಿತು. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ ಬೇಕೆಂಬ ನಿಯಮವನ್ನು ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ನವರು ಬೆವರಿಕೊಂಡು ಓದಿದರು. ಕೆಲವೇ ದಿನಗಳಲ್ಲಿ ಅಂಗಡಿಗಳ ಮುಂದೆ ಕ್ಯುಆರ್ ಹಾಳೆ ಮಾಯ, ‘ಕ್ಯಾಶ್ ಮಾತ್ರ’ ಎಂಬ ಕೈಬರಹದ ಬೋರ್ಡು. ಸರ್ಕಾರ ಹಳೆ ಬಾಕಿ ಕೇಳುವುದಿಲ್ಲ ಎಂದ ಮೇಲೆ ಹಾಳೆಗಳು ಒಂದೊಂದಾಗಿ ವಾಪಸು ಬಂದವು. ಅಂಗಡಿಯವರು ಅಪ್ಪಿರಲಿಲ್ಲ, ಬಳಸುತ್ತಿದ್ದರು. ಬಳಸುವವನಿಗೆ ಬಿಡುವುದೂ ಗೊತ್ತು.

ಕರಾವಳಿಯವರು ಈ ವಿಷಯದಲ್ಲಿ ಇನ್ನೂ ಖಡಕ್ಕು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು ಲಾಭದಲ್ಲಿತ್ತು. 2019ರ ಏಪ್ರಿಲ್ 1ರಂದು ಅದು ಬ್ಯಾಂಕ್ ಆಫ್ ಬರೋಡಾದೊಳಗೆ ಹೋಯಿತು. ವರ್ಷ ಕಳೆದು ಉಡುಪಿಯ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೆ. ಇಲ್ಲಿ ಯಾರೂ ಅಪ್ಪುಗೆಯ ಮಾತೆತ್ತಲಿಲ್ಲ. ‘ವಿಲೀನ’ ಎಂದರು, ನೀರಲ್ಲಿ ಉಪ್ಪು ಕರಗಿದ ಹಾಗೆ. ಬೋರ್ಡು ಇಳಿಸಿದ ದಿನ ಕಣ್ಣೀರು ಹಾಕಿದ ಹಳೆ ಗ್ರಾಹಕರಿಗೆ ಆ ಪದ ಮೋಸ ಮಾಡಲಿಲ್ಲ.

ಬಾಕ್ಸ್ | ಇಂಗ್ಲಿಷಿನವರ ತೋಳಬಲ

*‘ಎಂಬ್ರೇಸ್’ ಪದದ ಬೇರು ಲ್ಯಾಟಿನ್ನಿನ ‘ತೋಳು’. ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ‘ಎಂಬ್ರೇಸರಿ’ ಎಂದರೆ ತೀರ್ಪು ನೀಡುವ ಪಂಚರನ್ನು ಲಂಚ, ಒತ್ತಡದಿಂದ ಒಲಿಸಿಕೊಳ್ಳುವ ಅಪರಾಧ. 2010ರ ಲಂಚ ಕಾಯ್ದೆ ಬಂದಾಗ ಆ ಹೆಸರು ಕಡತ ಸೇರಿತು.*

*ಮೈಕ್ರೋಸಾಫ್ಟ್ ವಿರುದ್ಧದ ಏಕಸ್ವಾಮ್ಯ ಮೊಕದ್ದಮೆಯಲ್ಲಿ, 1998ರಲ್ಲಿ ಇಂಟೆಲ್ ಅಧಿಕಾರಿಯೊಬ್ಬರು ನುಡಿದ ಸಾಕ್ಷ್ಯ ಪ್ರಸಿದ್ಧ. ಪ್ರತಿಸ್ಪರ್ಧಿಯ ತಂತ್ರಜ್ಞಾನವನ್ನು ಮೊದಲು ಅಪ್ಪು, ಆಮೇಲೆ ಹಿಗ್ಗಿಸು, ಕೊನೆಗೆ ಮುಗಿಸು ಎಂಬ ಮೂರು ಹೆಜ್ಜೆಯ ಮಾತನ್ನು ಕಂಪನಿಯವರ ಬಾಯಿಂದಲೇ ಕೇಳಿದ್ದಾಗಿ ಅವರು ಹೇಳಿದರು.*

*ಕಂಪನಿ ಖರೀದಿಯ ಪರಿಭಾಷೆಯಲ್ಲಿ ‘ಕರಡಿ ಅಪ್ಪುಗೆ’ ಎಂದರೆ ಬೇಡ ಎನ್ನಲು ಕಷ್ಟವಾಗುವಷ್ಟು ದೊಡ್ಡ ಬೆಲೆ ಕೂಗುವುದು. 2008ರ ಫೆಬ್ರುವರಿ 1ರಂದು ಮೈಕ್ರೋಸಾಫ್ಟ್ ಯಾಹೂಗೆ 4,460 ಕೋಟಿ ಡಾಲರ್ ಕೂಗಿತು. ಯಾಹೂ ಕೊಸರಿಕೊಂಡಿತು. 2017ರಲ್ಲಿ ಅದರ ಮುಖ್ಯ ವ್ಯವಹಾರ ವೆರಿಜಾನ್‌ಗೆ ಹೋದದ್ದು ಸುಮಾರು 448 ಕೋಟಿ ಡಾಲರಿಗೆ.*

‘ಕೊಳ್ಳು’ ಎಂಬ ಬಾಲ

ಕರಡಿ ಅಪ್ಪುಗೆ ನೋಡಲು ಅಮೆರಿಕಕ್ಕೆ ಹೋಗಬೇಕಿಲ್ಲ. 2019ರ ಮಾರ್ಚ್ 18ರಂದು ಎಲ್ ಆ್ಯಂಡ್ ಟಿ ಸಂಸ್ಥೆ, ಕಾಫಿ ಡೇ ಸಂಸ್ಥಾಪಕ ವಿ.ಜಿ. ಸಿದ್ಧಾರ್ಥ ಅವರ ಬಳಿಯಿದ್ದ ಮೈಂಡ್‌ಟ್ರೀ ಕಂಪನಿಯ ಶೇ 20ರಷ್ಟು ಷೇರುಗಳನ್ನು ತಲಾ 980 ರೂಪಾಯಿಗೆ ಖರೀದಿಸುವುದಾಗಿ ಘೋಷಿಸಿತು. ಮೈಂಡ್‌ಟ್ರೀ 1999ರಲ್ಲಿ ಹತ್ತು ಗೆಳೆಯರು ಬೆಂಗಳೂರಿನಲ್ಲಿ ಕಟ್ಟಿದ ಐಟಿ ಕಂಪನಿ. ದೇಶದ ಐಟಿ ವಲಯದ ಮೊದಲ ಬಲವಂತದ ಸ್ವಾಧೀನ ಎಂದು ವ್ಯಾಪಾರ ಪುಟಗಳು ಬರೆದವು.

ಕೊಳ್ಳುವವರು ಇದು ಹಗೆತನವಲ್ಲ, ಹೃದಯದಿಂದ ಬರುತ್ತಿದ್ದೇವೆ ಎಂಬ ಧಾಟಿಯಲ್ಲಿ ಮಾತಾಡಿದರು. ಕಟ್ಟಿದವರಿಗೆ ಅದು ಬೇರೆಯೇ ಕಂಡಿತು. ಸಹಸಂಸ್ಥಾಪಕ ಸುಬ್ರೊತೊ ಬಾಗ್ಚಿ ಒಡಿಶಾ ಸರ್ಕಾರದಲ್ಲಿದ್ದ ಹುದ್ದೆ ಬಿಟ್ಟು ಓಡಿಬಂದರು. ಕಂಪನಿಯ ಹೆಸರಲ್ಲೇ ಮರವಿದೆಯಲ್ಲ! ಬುಲ್ಡೋಜರು, ಗರಗಸ ಹಿಡಿದು ಬಂದವರಿಂದ ಈ ಮರವನ್ನು ಉಳಿಸಬೇಕು, ಕಡಿದ ಜಾಗದಲ್ಲಿ ಅವರು ಶಾಪಿಂಗ್ ಮಾಲ್ ಕಟ್ಟುತ್ತಾರೆ ಎಂದು ಅವರು ಟ್ವೀಟ್ ಮಾಡಿದರು.

ಒಂದು ಕಡೆಯವರು ತೋಳು ಕಂಡರು, ಇನ್ನೊಂದು ಕಡೆಯವರು ಗರಗಸ. ಜುಲೈ ಹೊತ್ತಿಗೆ ಶೇ 60ರಷ್ಟು ಷೇರು ಎಲ್ ಆ್ಯಂಡ್ ಟಿ ತೆಕ್ಕೆಗೆ ಬಿದ್ದಿತ್ತು, ಆಡಳಿತದಲ್ಲಿದ್ದ ಸಂಸ್ಥಾಪಕರು ರಾಜೀನಾಮೆ ಕೊಟ್ಟರು. 2022ರ ನವೆಂಬರ್‌ನಲ್ಲಿ ಎರಡು ಕಂಪನಿಗಳೂ ಸೇರಿ ಎಲ್‌ಟಿಐಮೈಂಡ್‌ಟ್ರೀ ಆಯಿತು. ಅಲ್ಲಿ ಮಾಲ್ ಏನೂ ಎದ್ದಿಲ್ಲ, ಅದನ್ನೂ ಹೇಳಬೇಕು.

ಕನ್ನಡ ‘ಅಪ್ಪಿಕೊಳ್ಳು’ ಎಂಬುದರ ಬಾಲದಲ್ಲಿ ‘ಕೊಳ್ಳು’ ಇದೆ. ತನಗಾಗಿ ಮಾಡು ಎಂಬರ್ಥದ ಬಾಲ ಅದು. ಖರೀದಿಸು ಎಂಬ ಅರ್ಥವೂ ಅದೇ ಧಾತುವಿಗಿದೆ. ವಾಣಿಜ್ಯ ಪುಟದಲ್ಲಿ ‘ಅಪ್ಪಿ’ ಎಂಬ ತಲೆ ಅಲಂಕಾರಕ್ಕೆ, ಕೆಲಸವೆಲ್ಲ ಬಾಲದ್ದು.

ಸಾಲ್ಕಣಿಯ ಮರ

ಗರಗಸಕ್ಕೆ ಎದುರಾಗಿ ಅಪ್ಪುಗೆ ನಿಂತ ಕಥೆ ಒಂದಿದೆ. ಸೆಪ್ಟೆಂಬರ್ ಬಂದಾಗಲೆಲ್ಲ ಶಿರಸಿ ಕಡೆಯವರು ಅದನ್ನು ನೆನೆಯುತ್ತಾರೆ.

1983ರ ಸೆಪ್ಟೆಂಬರ್ 8. ಶಿರಸಿ ತಾಲ್ಲೂಕಿನ ಸಾಲ್ಕಣಿಯ ಗಂಡಸರು, ಹೆಂಗಸರು, ಮಕ್ಕಳು ಮಳೆಗಾಲದ ಕಾಡಿನ ದಾರಿ ಹಿಡಿದರು. ಕೆಸರು, ಇಂಬಳ, ಮೇಲೆ ಹನಿಯುವ ಎಲೆ. ಕಾಡಿನೊಳಗೆ ಗುತ್ತಿಗೆದಾರನ ಆಳುಗಳು ಮರ ಕಡಿಯುತ್ತಿದ್ದರು. ಇವರು ಹೋಗಿ ಮರಗಳನ್ನು ತಬ್ಬಿ ನಿಂತರು. ಪಾಂಡುರಂಗ ಹೆಗಡೆಯವರ ಮುಂದಾಳತ್ವದ ಆ ಚಳವಳಿಗೆ ಅದೇ ಹೆಸರಾಯಿತು: ಅಪ್ಪಿಕೋ.

ಪ್ರೇರಣೆ ಗಢವಾಲದ್ದು. 1974ರ ಮಾರ್ಚ್ 26ರಂದು ರೇಣಿ ಗ್ರಾಮದ ಗೌರಾದೇವಿ ಮತ್ತು ಜೊತೆಗಾತಿಯರು ಮರಕಡುಕರನ್ನು ಹಿಂದಟ್ಟಿದ್ದರು. ಆ ಚಳವಳಿಯ ಹೆಸರು ಚಿಪ್ಕೊ. ಹಿಂದಿಯಲ್ಲಿ ಅದರರ್ಥ ಅಂಟಿಕೋ. ನಮ್ಮವರು ಹೆಸರು ತರುವಾಗ ಪದಕ್ಕೆ ಪದ ಇಟ್ಟು ‘ಅಂಟಿಕೋ’ ಎನ್ನಬಹುದಿತ್ತು. ಎನ್ನಲಿಲ್ಲ. ಅಂಟುವುದು ಗೋಂದಿನ ಕೆಲಸ, ಅಪ್ಪುವುದು ಮನುಷ್ಯರದು. ನಾನು ಕಂಡ ಅನುವಾದಗಳಲ್ಲಿ ಮೂಲಕ್ಕಿಂತ ಒಂದು ತೂಕ ಹೆಚ್ಚು ಬಾಳುವ ಒಂದೇ ಒಂದು ಪದ ಇದು.

ಇದನ್ನು ಬರೀ ಭಾವುಕತೆ ಎಂದುಕೊಳ್ಳುವವರಿಗೆ ಮಲೆನಾಡಿನ ಅಡಿಕೆ ತೋಟ ಗೊತ್ತಿಲ್ಲ. ತೋಟಕ್ಕೆ ಗೊಬ್ಬರ ಬೇಕು, ಗೊಬ್ಬರಕ್ಕೆ ಬೆಟ್ಟದ ಸೊಪ್ಪು, ದರಕು ಬೇಕು. ತೋಡಿನಲ್ಲಿ ಬೇಸಿಗೆಗೂ ನೀರು ಇಳಿಯಬೇಕಾದರೆ ಮೇಲೆ ಕಾಡಿರಬೇಕು. ಆ ಕಾಡನ್ನು ಸವರಿ ತೇಗದ ನೆಡುತೋಪು ಎಬ್ಬಿಸುವುದು, ಮರವನ್ನು ಪ್ಲೈವುಡ್, ಕಾಗದದ ಕಾರ್ಖಾನೆಗಳಿಗೆ ಸಾಗಿಸುವುದು ಸರ್ಕಾರದ ಲೆಕ್ಕಕ್ಕೆ ಅಭಿವೃದ್ಧಿ. ಊರಿನ ಲೆಕ್ಕಕ್ಕೆ ಅದು ತೋಟದ ಅಂತ್ಯ. ‘ಉಳಿಸು, ಬೆಳೆಸು, ಬಳಸು’ ಎಂಬುದು ಚಳವಳಿಯ ಘೋಷಣೆ. ಮೂರನೆಯ ಪದವನ್ನು ಗಮನಿಸಿ: ಕಾಡನ್ನು ಮುಟ್ಟಬೇಡ ಎಂದು ಅವರು ಹೇಳಲೇ ಇಲ್ಲ. ಅಪ್ಪಿಕೋ ಎಂಬುದರ ಬಾಲದ ‘ಕೋ’ ಇಲ್ಲಿ ಪೂರ್ತಿ ಅರ್ಥದಲ್ಲಿತ್ತು, ನಿನಗಾಗಿ ಅಪ್ಪು ಎಂದೇ.

ಕಾವಲು 38 ದಿನ ನಡೆಯಿತು. ಒಂದು ಮನೆಯವರು ಹೋದರೆ ಇನ್ನೊಂದು ಮನೆಯವರು ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಕೊನೆಗೆ ಕಡಿತದ ಆದೇಶ ಹಿಂದೆ ಹೋಯಿತು, ಕೊಡಲಿಯವರು ಗುಡಾರ ಕಿತ್ತರು.

ಅಷ್ಟೂ ದಿನ ಮರದ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ನನಗೆ ಕಾಪಿ ತಿದ್ದಲು ಕಲಿಸಿದ ಹಿರಿಯರು ಇದ್ದಿದ್ದರೆ ಅದಕ್ಕೂ ಒಂದು ಪೆನ್ಸಿಲ್ ಗೀಟು ಎಳೆದು, ಆಮೇಲೆ ತಾವೇ ರಬ್ಬರಿನಿಂದ ಅಳಿಸುತ್ತಿದ್ದರು.